ಕಥೆ ಗೊತ್ತಿದ್ದೂ ಓದಿಸಿಕೊಳ್ಳುವವು

ಮುಂದೇನಾಯಿತು ಎಂಬ ಕುತೂಹಲ ತೀರಿದ ಮೇಲೆಯೇ ಕೆಲವು ಪುಸ್ತಕಗಳ ನಿಜವಾದ ರುಚಿ ಹತ್ತುತ್ತದೆ. ಯಾರು ಯಾರನ್ನು ಸೇರುತ್ತಾರೆ, ಯಾರು ಸಾಯುತ್ತಾರೆ ಎಲ್ಲ ಗೊತ್ತು. ಆದರೂ ಕಪಾಟಿನ ಮುಂದೆ ನಿಂತರೆ ಕೈ ಅಲ್ಲಿಗೇ ಹೋಗುತ್ತದೆ. ನನ್ನ ಬಳಿ ಅಂಥವು ಮೂರಿವೆ. ಮೂರರದೂ ಬೈಂಡು ಸಡಿಲಾಗಿದೆ, ಇಷ್ಟವಾದ ಕಡೆ ತಾವಾಗಿಯೇ ತೆರೆದುಕೊಳ್ಳುತ್ತವೆ. ಇವುಗಳ ವಿಷಯ ಬಂದರೆ ನನ್ನ ಮಾತಿಗೆ ಕಡಿವಾಣವಿಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ಮೊದಲನೆಯದು ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಈ ತೆಳ್ಳನೆಯ ಕಾದಂಬರಿ ಶುರುವಾಗುವುದು ಮೂಡಿಗೆರೆಯ ಜೇನು ಸೊಸೈಟಿಯಲ್ಲಿ, ಜೇನುತುಪ್ಪ ಕೊಳ್ಳುವ ತೀರಾ ಮಾಮೂಲಿ ಕೆಲಸದಿಂದ. ಮುಗಿಯುವುದು ಜೀವವಿಕಾಸದ ಅಗಾಧ ಕಾಲದ ಎದುರಿಗೆ. ಅಷ್ಟು ದೂರ ಕರೆದೊಯ್ಯುವಾಗಲೂ ತೇಜಸ್ವಿ ಎಲ್ಲಿಯೂ ದನಿ ಏರಿಸುವುದಿಲ್ಲ. ಊರವರ ಲೆಕ್ಕದಲ್ಲಿ ಉಂಡಾಡಿಯಾದ ಮಂದಣ್ಣ, ಹಾವಾಡಿಗ ಎಂಗ್ಟ, ಬಿರ್ಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇವರ ನಡುವೆ ಒಬ್ಬ ವಿಜ್ಞಾನಿ. ಎಲ್ಲರೂ ಸೇರಿ ಹಾರುವ ಓತಿಯೊಂದರ ಬೆನ್ನು ಹತ್ತುತ್ತಾರೆ. ನಕ್ಕು ನಕ್ಕು ಪುಟ ತಿರುವುತ್ತಿದ್ದವರಿಗೆ ನಗು ಎಲ್ಲಿ ನಿಂತು ಬೆರಗು ಎಲ್ಲಿ ಶುರುವಾಯಿತೆಂದು ತಿಳಿಯುವುದೇ ಇಲ್ಲ. ಆ ಹೊಲಿಗೆಯನ್ನು ನಾನು ಎಷ್ಟು ಹುಡುಕಿದರೂ ಬೆರಳಿಗೆ ಸಿಕ್ಕಿಲ್ಲ. ಕೊನೆಗೆ ಓತಿ ಸಿಕ್ಕೇ ಬಿಟ್ಟಿತೆನ್ನುವಾಗ ಜಾರಿ, ಕಣಿವೆಯ ಆಚೆಗೆ ತೇಲಿಹೋಗುತ್ತದೆ. ಆ ಕಡೆಯ ಪುಟಗಳ ಹಗುರ ನೋಡಬೇಕು. ಇದನ್ನು ಓದಿದಂದಿನಿಂದ ಕಾಂಪೌಂಡಿನ ಮೇಲೆ ತಲೆಯಾಡಿಸುವ ಓತಿಕೇತವನ್ನು ಸುಮ್ಮನೆ ದಾಟಿ ಹೋಗಲು ನನ್ನಿಂದ ಆಗಿಲ್ಲ. ಕೆಲಸಕ್ಕೆ ಬಾರದವನೆಂದು ಊರು ಕರೆಯುವ ಹುಡುಗನನ್ನೂ ಅಷ್ಟೇ, ಒಮ್ಮೆ ತಿರುಗಿ ನೋಡುತ್ತೇನೆ.

ಇನ್ನು ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಪ್ರಕಟವಾದ, ಏಳುನೂರು ಪುಟ ಮೀರಿದ ಕುವೆಂಪು ಅವರ ಈ ಕಾದಂಬರಿಗೆ ಇವನೇ ನಾಯಕ ಎನ್ನುವವನಿಲ್ಲ. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ ಜೋಡಿಗಳು. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿಯ ಮನೆಗಳು. ಇವೆಲ್ಲವನ್ನೂ ಒಳಗಿಟ್ಟುಕೊಂಡ ತೀರ್ಥಹಳ್ಳಿ ಸೀಮೆಯ ಕಾಡು. ಕಥೆ ಒಂದು ಕಾಲುದಾರಿ ಹಿಡಿದು ಹೊರಟು, ಇನ್ನೊಂದು ದಾರಿ ಅಡ್ಡ ಬಂದರೆ ಅದರ ಹಿಂದೆ ಹೋಗಿಬಿಡುತ್ತದೆ. ಅವಸರದವರು ಇಲ್ಲಿ ಕೆಳಗಿಡುತ್ತಾರೆ. ಅವಸರ ಬಿಟ್ಟವರಿಗೆ ಸಿಗುವುದು ಕುವೆಂಪು ಗದ್ಯದ ಸುಖ: ಕ್ರಿಯಾಪದವನ್ನು ಕೊನೆಯವರೆಗೆ ಕೈಯಲ್ಲೇ ಹಿಡಿದಿಟ್ಟುಕೊಂಡು, ಮರದ ನೆರಳು, ಹಕ್ಕಿಯ ಕೂಗು, ಹಳ್ಳದ ತಣ್ಪು, ನಡೆಯುವವನ ಮನಸ್ಸಿನ ಹಳೆಯ ಅಳುಕು, ಎಲ್ಲವನ್ನೂ ಒಂದೊಂದಾಗಿ ಸೇರಿಸಿಕೊಳ್ಳುತ್ತ, ದಿಬ್ಬ ಹತ್ತಿ, ನೆತ್ತಿಗೆ ಬಂದು, ಆಮೇಲೆ ನಿಧಾನವಾಗಿ ಉಸಿರು ಬಿಡುವ ಆ ನೀಳವಾದ ವಾಕ್ಯಗಳು. ಸಿ. ಬಸವಲಿಂಗಯ್ಯನವರು ಇದನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿ ರಂಗಕ್ಕೆ ತಂದರು. ಬೇರೆ ಯಾವ ಅಳತೆಯೂ ಇದಕ್ಕೆ ಒಗ್ಗುತ್ತಿರಲಿಲ್ಲ.

ನನಗೆ ಅದರಲ್ಲಿ ಎಲ್ಲರಿಗಿಂತ ಹತ್ತಿರದ ಜೀವ ಹುಲಿಯ, ಗುತ್ತಿಯ ನಾಯಿ. ಅದು ಇದ್ದುದರಿಂದಲೇ ಅವನು ನಾಯಿಗುತ್ತಿ. ಹೆಗ್ಗಡೆಯವರ ಸಂಕಟಕ್ಕೆ ಕೊಟ್ಟಷ್ಟೇ ಗಮನವನ್ನು ಕುವೆಂಪು ಹುಲಿಯನ ಕಿವಿ, ಮೂಗು, ಹಿಂಜರಿಕೆಗಳಿಗೂ ಕೊಡುತ್ತಾರೆ. ಕೊನೆಯಲ್ಲಿ ತುಂಗೆಯ ನೆರೆಗೆ ಸಿಕ್ಕುವುದೂ ಅದೇ ಹುಲಿಯ. ಅಲ್ಲಿಗೆ ಬಂದಾಗಲೆಲ್ಲ ನಾನು ತಡೆದು ತಡೆದು ಓದುತ್ತೇನೆ, ಇನ್ನೊಂದು ಸಾಲು, ಇನ್ನೊಂದೇ ಸಾಲು ಎಂದು. ಯಾರೂ ಚಿಕ್ಕವರಲ್ಲ ಎಂಬ ಮಾತನ್ನು ಬಾಯಿಪಾಠವಾಗಿ ಎಷ್ಟು ಕೇಳಿದ್ದೆನೋ. ಮನಸ್ಸಿಗೆ ಇಳಿದದ್ದು ಒಂದು ನಾಯಿಯಿಂದ.

ಮೂರನೆಯದು, ನನ್ನ ಪಾಲಿಗೆ ಎಲ್ಲಕ್ಕಿಂತ ಘನವಾದದ್ದು, ದೇವನೂರ ಮಹಾದೇವ ಅವರ ‘ಕುಸುಮಬಾಲೆ’. ಈ ಪುಟ್ಟ ಪುಸ್ತಕ ಕಲ್ಲುಸಕ್ಕರೆ ಇದ್ದಂತೆ: ಕಚ್ಚಿದರೆ ಹಲ್ಲು ನೋಯುತ್ತದೆ, ಬಾಯಲ್ಲಿಟ್ಟು ಕಾದರೆ ಕರಗುತ್ತದೆ. ನಂಜನಗೂಡು ಸೀಮೆಯ ಆಡುನುಡಿಯಲ್ಲಿ ಮಾತುಗಳಷ್ಟೇ ಅಲ್ಲ, ನಿರೂಪಣೆಯೂ ನಡೆಯುತ್ತದೆ. ಜಾತಿಯ ಗೆರೆ ದಾಟಿದ ಪ್ರೀತಿ, ಅದಕ್ಕಾಗಿ ಕೊಲೆಯಾದ ಚೆನ್ನ. ಇಷ್ಟು ಕಡು ವಿಷಯವನ್ನು ಹೇಳಲು ದೇವನೂರರು ಯಾರನ್ನು ಕರೆತರುತ್ತಾರೆ ಗೊತ್ತೆ? ಊರಿನ ಮನೆಮನೆಯ ದೀಪಗಳ ಜೋತಮ್ಮರನ್ನು. ಜನ ದೀಪ ಆರಿಸಿ ಮಲಗಿದ ಮೇಲೆ ಈ ಜೋತಮ್ಮರು ಹೊರಬಂದು, ಒಂದೆಡೆ ಕೂಡಿ, ತಂತಮ್ಮ ಮನೆಯಲ್ಲಿ ಕಂಡದ್ದನ್ನು ಮಾತಾಡಿಕೊಳ್ಳುತ್ತಾರೆ. ಎಂಥ ಕಸುಬುದಾರಿಕೆ! ಮನೆಯ ಗುಟ್ಟು ದೀಪಕ್ಕಲ್ಲದೆ ಯಾರಿಗೆ ಗೊತ್ತಿರುತ್ತದೆ? ಹಟ್ಟಿಯ ಅಜ್ಜಿಯರಿಗೆ ಸಹಜವಾದ ನಂಬಿಕೆಯೇ ಇಲ್ಲಿ ಕಾದಂಬರಿಯ ಕಟ್ಟಡವಾಗಿದೆ, ಗೋಡೆ ಎಲ್ಲಿ, ಅಲಂಕಾರ ಎಲ್ಲಿ ಎಂದು ಬಿಡಿಸಿ ತೋರಿಸಲಾಗದಂತೆ.

ಈ ಗದ್ಯದ ಒಳಗಿನ ಲಯ ಎಷ್ಟು ಗಟ್ಟಿಯೆಂದರೆ, ವಿದ್ವಾಂಸ ಎಲ್. ಬಸವರಾಜು ಅವರು ಇಡೀ ಕೃತಿಯನ್ನು ಕಾವ್ಯದ ಸಾಲುಗಳಾಗಿ ಬಿಡಿಸಿ ಕೊಟ್ಟರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನಗೆ ಇದು ಕೊಟ್ಟದ್ದು ಹೊಸ ಕಿವಿ. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹೆಂಗಸರು ಎಲೆಯಡಿಕೆ ಹಾಕಿಕೊಂಡು ಸುಖದುಃಖ ಹೇಳಿಕೊಳ್ಳುತ್ತಿದ್ದರೆ, ಈಗ ನನಗೆ ವಿಷಯಕ್ಕಿಂತ ಮೊದಲು ಅದರ ಎಳೆತ, ಬಳುಕು, ನಡುನಡುವಿನ ನಿಲುಗಡೆ ಕೇಳಿಸುತ್ತದೆ.

ಓದದವರು ‘ಕರ್ವಾಲೊ’ದಿಂದ ಶುರುಮಾಡಿ, ಒಂದು ಭಾನುವಾರ ಸಾಕು. ‘ಮದುಮಗಳು’ ಮಳೆಗಾಲಕ್ಕಿರಲಿ, ದಿನಕ್ಕೊಂದು ಅಧ್ಯಾಯ. ‘ಕುಸುಮಬಾಲೆ’ಯನ್ನು ಮಾತ್ರ ಕಣ್ಣಿನಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಮೊದಲ ಪುಟಗಳಲ್ಲಿ ನಾಲಿಗೆ ತೊಡರಿದರೆ ನಂಜನಗೂಡಿನ ಕಡೆಯವರೊಬ್ಬರನ್ನು ಹಿಡಿದು ಕೂರಿಸಿ ಓದಿಸಿಕೊಳ್ಳಿ. ಅರ್ಥ ಕೇಳಲು ನೀವು ಬಾಯಿ ತೆರೆಯುವಷ್ಟರಲ್ಲಿ ಅವರು ನಗುತ್ತ ಮುಂದಿನ ಪುಟಕ್ಕೆ ಹೋಗಿರುತ್ತಾರೆ, ನಿಮಗೂ ಅರ್ಥವಾಗಿರುತ್ತದೆ.