ಕೊಟ್ಟೂರಿನ ಕಥೆ, ಕಾಸರವಳ್ಳಿಯ ತೆರೆ

ನಿರ್ದೇಶಕ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಈ ನಾಲ್ಕೂ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದವು. ಆದರೆ ನಮ್ಮ ಕೊಟ್ಟೂರು ಸೀಮೆಯವರು ಹೆಚ್ಚು ಹತ್ತಿರದಿಂದ ನೋಡಬೇಕಾದದ್ದು 2011ರ ‘ಕೂರ್ಮಾವತಾರ’. ಅದರ ಮೂಲ ಕೊಟ್ಟೂರಿನ ಲೇಖಕ ಕುಂ. ವೀರಭದ್ರಪ್ಪನವರ ಕಥೆ. ಗಾಂಧೀಜಿಯನ್ನು ಹೋಲುವ ಸರ್ಕಾರಿ ನೌಕರನೊಬ್ಬ ಧಾರಾವಾಹಿಯಲ್ಲಿ ಗಾಂಧಿ ಪಾತ್ರ ಮಾಡುತ್ತಾನೆ. ಜನ ಅವನಲ್ಲಿ ನಿಜವಾದ ಗಾಂಧಿಯನ್ನೇ ಹುಡುಕತೊಡಗುತ್ತಾರೆ. ಈ ಒತ್ತಡವನ್ನು ನಿರ್ದೇಶಕರು ದೊಡ್ಡ ಮಾತುಗಳಿಂದ ಹೇಳುವುದಿಲ್ಲ, ಅವನ ಮುಖದ ಮೇಲೆ ಕ್ಯಾಮೆರಾ ನಿಲ್ಲಿಸಿ ಕಾಯುತ್ತಾರೆ. ಕತ್ತಲ ಹಾಲ್‌ನಲ್ಲಿ ಕುಳಿತ ನಾವೂ ಕಾಯಲೇಬೇಕು. ಮೊಬೈಲ್‌ನಲ್ಲಾದರೆ ಬೆರಳು ಆ ಕ್ಷಣವನ್ನೇ ಮುಂದೆ ಓಡಿಸಿಬಿಡುತ್ತದೆ. ಚಿತ್ರಮಂದಿರ ಬೇಕೆನ್ನಲು ನನಗೆ ಇದಕ್ಕಿಂತ ಬಲವಾದ ಕಾರಣ ಕಾಣದು.

ಇಂಥ ಚಿತ್ರಗಳು ಥಿಯೇಟರಿನಲ್ಲಿ ಎಂದು ಓಡಿದ್ದವು, ಕೂಡ್ಲಿಗಿಯ ಹುಡುಗನಿಗೆ ಅವು ಸಿಗುವುದು ಮೊಬೈಲ್‌ನಲ್ಲೇ ಅಲ್ಲವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಿಗುವುದು ದೊಡ್ಡ ಸಂಗತಿ, ಒಪ್ಪುತ್ತೇನೆ. ಆದರೆ ಸಿಕ್ಕಿದ್ದೆಲ್ಲ ನೋಡಿದಂತಾಗದು. ಹಳ್ಳಿಯಲ್ಲಿ ಇವನ್ನು ಯಾರು ನೋಡುತ್ತಾರೆ ಎನ್ನಬೇಡಿ: ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆ ಹಳ್ಳಿಗರ ಮುಂದೆ ಜಗತ್ತಿನ ಚಿತ್ರಗಳನ್ನಿಟ್ಟಾಗ, ಹಳ್ಳಿಗರಿಗೆ ಅವು ಹಿಡಿಸವು ಎಂಬ ನಂಬಿಕೆಯೇ ಸುಳ್ಳಾಯಿತು. ‘ಘಟಶ್ರಾದ್ಧ’ದ ಪುನರುಜ್ಜೀವನಗೊಂಡ ಪ್ರತಿ 2024ರಲ್ಲಿ ವೆನಿಸ್‌ ಚಿತ್ರೋತ್ಸವದಲ್ಲಿ ತೆರೆ ಕಂಡಿತು, ಹಡಗಲಿ, ಹರಪನಹಳ್ಳಿಗೆ ಅದು ಏಕೆ ದೂರವಾಗಬೇಕು? ಎಲ್ಲದಕ್ಕೂ ಮಲ್ಟಿಪ್ಲೆಕ್ಸ್ ಬೇಕಿಲ್ಲ. ಹಗರಿಬೊಮ್ಮನಹಳ್ಳಿಯ ಕಾಲೇಜೊಂದರ ಸಭಾಂಗಣ, ಒಳ್ಳೆಯ ಪ್ರೊಜೆಕ್ಟರ್, ಚಿತ್ರದ ನಂತರ ಅರ್ಧ ಗಂಟೆ ಮಾತು ಸಾಕು. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಈ ಐದೂ ತಾಲ್ಲೂಕುಗಳ ಅಧ್ಯಾಪಕರು, ಓದುಗರು ಸೇರಿ ‘ಕೂರ್ಮಾವತಾರ’ದಿಂದಲೇ ಶುರುಮಾಡಲಿ, ಮೊದಲ ಪ್ರದರ್ಶನ ಕೊಟ್ಟೂರಿನಲ್ಲೇ ಆಗಲಿ.