ನೆನಪು ಕೈಬಿಟ್ಟ ಎಳೆತ: ಕಂಟ್ರೋಲ್ ಲೈನ್ ವಿಮಾನಗಳ ಬಾಲ್ಯಸ್ಮೃತಿಯನ್ನು ಕುರಿತು

ಪುಟ್ಟ ಎಂಜಿನ್ ಹೊತ್ತ ಕಂಟ್ರೋಲ್ ಲೈನ್ ವಿಮಾನಗಳನ್ನು ಹಾರಿಸಿದ ಬಾಲ್ಯದ ನೆನಪುಗಳಿಗೆ, ಅದರಲ್ಲೂ 1950ರಿಂದ 1970ರ ದಶಕದವರೆಗಿನ ಅಮೆರಿಕದಲ್ಲಿ ಬೆಳೆದ ತಲೆಮಾರಿನ ನೆನಪುಗಳಿಗೆ, ದೊರೆತಿರುವ ಮನ್ನಣೆ ಅವುಗಳ ಯೋಗ್ಯತೆಗಿಂತ ಹೆಚ್ಚಿನದು. ಆ ನೆನಪುಗಳಿಗೆ ವಸ್ತುವಾದ ಅಭ್ಯಾಸಕ್ಕೆ ದೊರೆತ ಮನ್ನಣೆಯಾದರೋ ಅದರ ಯೋಗ್ಯತೆಗಿಂತ ತೀರ ಕಡಿಮೆಯದು. ಈ ಎರಡು ತಪ್ಪು ತೂಕಗಳಿಗೂ ಕಾರಣ ಒಂದೇ ಆಗಿದೆ: ನೆನಪು ಎಂಜಿನ್ನನ್ನು ಹಿಡಿದುಕೊಂಡು ದಾರವನ್ನು ಕೈಬಿಟ್ಟಿತು. ಹರಳೆಣ್ಣೆ ಸುಟ್ಟ ವಾಸನೆ, ಕಿವಿಗಡಚಿಕ್ಕುವ ಸದ್ದು, ಪ್ರೊಪೆಲರ್ ಹೊಡೆದು ಬಾತ ಬೆರಳು, ಮೊದಲ ಸುತ್ತಿನಲ್ಲೇ ನೆಲಕ್ಕಪ್ಪಳಿಸಿದ ವಿಮಾನ ಎಂಬ ನಾಲ್ಕು ಚಿತ್ರಗಳ ಸುತ್ತಲೇ ಈ ಸ್ಮೃತಿಸಾಹಿತ್ಯ ತಿರುಗುತ್ತದೆ. ಹಾರಾಟ ನಿಜವಾಗಿ ನಡೆದದ್ದು ಎಲ್ಲಿ, ಮಗುವಿನ ಮುಷ್ಟಿ ಮತ್ತು ವಿಮಾನದ ರೆಕ್ಕೆಗಳ ನಡುವಿನ ಆ ಏಳೆಂಟು ಮೀಟರ್ ಅಂತರದಲ್ಲಿ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಅದು ಕೇಳಿಕೊಳ್ಳುವುದು ಅಪರೂಪ.

ಸಾಧನದ ಪರಿಚಯಕ್ಕೆ ಹೆಚ್ಚು ಮಾತು ಬೇಡ. ಕಂಟ್ರೋಲ್ ಲೈನ್ ಎಂದರೆ ಎರಡು ದಾರಗಳ ತುದಿಯಲ್ಲಿ, ಹಾರಿಸುವವನನ್ನೇ ಕೇಂದ್ರವಾಗಿಸಿಕೊಂಡು ವೃತ್ತದಲ್ಲಿ ಹಾರುವ ಮಾದರಿ ವಿಮಾನ. ಕೈಯಲ್ಲಿನ ಹಿಡಿಯಿಂದ ಹೊರಟ ದಾರಗಳು ರೆಕ್ಕೆಯ ಒಳಬದಿಯಿಂದ ಹಾದು ಬೆಲ್‌ಕ್ರ್ಯಾಂಕ್ ಎಂಬ, ನಡುವಿನ ಕೀಲಿನ ಮೇಲೆ ತಿರುಗುವ ಸಣ್ಣ ಸನ್ನೆಯ ಎರಡು ತೋಳುಗಳಿಗೆ ಸೇರುತ್ತವೆ. ಆ ಸನ್ನೆಯಿಂದ ಹೊರಟ ಕಡ್ಡಿಯೊಂದು ಬಾಲದಲ್ಲಿರುವ ಎಲಿವೇಟರ್ ಎಂಬ ಪಟ್ಟಿಯನ್ನು ಮೇಲಕ್ಕೋ ಕೆಳಕ್ಕೋ ಬಾಗಿಸುತ್ತದೆ. ಮಣಿಕಟ್ಟು ಮೇಲಕ್ಕೆ ವಾಲಿದರೆ ವಿಮಾನ ಏರುತ್ತದೆ, ಕೆಳಕ್ಕೆ ವಾಲಿದರೆ ಇಳಿಯುತ್ತದೆ. ಎಂಜಿನ್ನಿಗೆ ಮೆಥನಾಲ್, ನೈಟ್ರೋಮೀಥೇನ್ ಮತ್ತು ಹರಳೆಣ್ಣೆಯ ಮಿಶ್ರಣವೇ ಇಂಧನ. ಕಿಡಿಯ ಬದಲಿಗೆ ಗ್ಲೋ ಪ್ಲಗ್ ಎಂಬ ಕಾದ ತಂತಿಯ ಸುರುಳಿ ಅದನ್ನು ಹೊತ್ತಿಸುತ್ತದೆ, ಒಮ್ಮೆ ಎಂಜಿನ್ ಹಿಡಿದುಕೊಂಡರೆ ಬ್ಯಾಟರಿಯ ಹಂಗೂ ಬೇಕಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಲೆರಾಯ್ ಕಾಕ್ಸ್ ಅವರ ಕಂಪನಿ 1956ರಲ್ಲಿ ಹೊರತಂದ ಬೇಬ್ ಬೀ ಎಂಜಿನ್ನಿನ ಗಾತ್ರ 0.049 ಘನ ಇಂಚು, ಅಂದರೆ ಸುಮಾರು 0.8 ಸಿಸಿ. ಅದೇ ಕಂಪನಿಯ ಪಿಟಿ-19 ಎಂಬ ಪ್ಲಾಸ್ಟಿಕ್ ತರಬೇತಿ ವಿಮಾನ ಎರಡನೆಯ ಮಹಾಯುದ್ಧ ಕಾಲದ ಫೇರ್‌ಚೈಲ್ಡ್ ತರಬೇತಿ ವಿಮಾನದ ಪ್ರತಿರೂಪವಾಗಿದ್ದು, ಬಿದ್ದರೆ ಮುರಿಯದೆ ಬಿಡಿಬಿಡಿಯಾಗಿ ಕಳಚಿಕೊಳ್ಳಲೆಂದು ಅದರ ಭಾಗಗಳನ್ನು ರಬ್ಬರ್ ಬ್ಯಾಂಡುಗಳಿಂದ ಬಿಗಿಯಲಾಗಿತ್ತು. ಸ್ಮೃತಿಕಾರರು ಕೊಂಡಾಡುವುದು ಬಹುಮಟ್ಟಿಗೆ ಈ ಎರಡು ವಸ್ತುಗಳನ್ನೇ.

ಎಂಜಿನ್ನಿನ ಆ ಕೀರ್ತಿಯಲ್ಲಿ ಸುಳ್ಳಿಲ್ಲ, ಆದರೆ ಅದು ಅಪೂರ್ಣ. ಎಂಜಿನ್ ಹಾರಾಟಕ್ಕೆ ನಿಮಿತ್ತ ಮಾತ್ರ. ಅಭ್ಯಾಸದ ಜೀವ ಇರುವುದು ದಾರದ ಬಿಗಿತದಲ್ಲಿ. ಈ ಮಾತನ್ನು ಅಲಂಕಾರವೆಂದು ತಳ್ಳಿಹಾಕದಿರಲು ಸ್ವಲ್ಪ ಲೆಕ್ಕ ನೆರವಾಗುತ್ತದೆ. ಎಂಟು ಮೀಟರ್ ದಾರದ ತುದಿಯಲ್ಲಿ ವಿಮಾನವೊಂದು ನಾಲ್ಕು ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ ಎಂದುಕೊಂಡರೆ, ಅದರ ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್ ಆಗುತ್ತದೆ, ಮತ್ತು ಅದು ಕೈಯನ್ನು ಹೊರಕ್ಕೆ ಎಳೆಯುವ ಬಲ ತನ್ನದೇ ತೂಕದ ಎರಡರಷ್ಟಾಗುತ್ತದೆ. ಇನ್ನೂರು ಗ್ರಾಮಿನ ಆಟಿಕೆ ನಾನೂರು ಗ್ರಾಮಿನ ಭಾರದಂತೆ ಮುಷ್ಟಿಯನ್ನು ಜಗ್ಗುತ್ತದೆ. ಎಂಜಿನ್ ತುಸು ಸೋತು ಒಂದು ಸುತ್ತಿಗೆ ಐದೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಡಿಯಿತೆಂದರೆ, ಎಳೆತ ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಆ ನಾನೂರು ಗ್ರಾಮು ಇನ್ನೂರಕ್ಕೆ ಇಳಿದಿರುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ವೇಗದ ಇಳಿತ ಕೈಗೆ ಅರ್ಧಕ್ಕರ್ಧವಾಗಿ ತಿಳಿಯುತ್ತದೆ ಎಂಬುದೇ ಇಲ್ಲಿಯ ಮುಖ್ಯ ಸಂಗತಿ. ಹಾರಿಸುವವನು ವೇಗವನ್ನು ನೋಡಿ ಅಳೆಯುವುದಿಲ್ಲ, ಹಿಡಿದು ಅಳೆಯುತ್ತಾನೆ.

ಬಿಗಿತದ ಎರಡನೆಯ ಗುಣ ಇದಕ್ಕಿಂತ ಸೂಕ್ಷ್ಮವಾದುದು. ಹಿಡಿಯ ವಾಲುವಿಕೆ ಬೆಲ್‌ಕ್ರ್ಯಾಂಕಿಗೆ ತಲುಪುವುದು ಎರಡೂ ದಾರಗಳು ಬಿಗಿಯಾಗಿರುವಾಗ ಮಾತ್ರ; ಸಡಿಲಗೊಂಡ ದಾರ ಯಾವ ಅಪ್ಪಣೆಯನ್ನೂ ಒಯ್ಯುವುದಿಲ್ಲ. ಆದ್ದರಿಂದ ವಿಮಾನವನ್ನು ಆಳುವ ಅಧಿಕಾರವನ್ನು ಹಾರಿಸುವವನಿಗೆ ಕೊಡುವುದು ವಿಮಾನವೇ, ತನ್ನ ಓಟದ ಮೂಲಕ. ಅದು ಹೊರಕ್ಕೆ ಎಳೆಯುವುದನ್ನು ನಿಲ್ಲಿಸಿದ ಕ್ಷಣ ಆ ಅಧಿಕಾರ ಮರಳಿ ಹೋಗುತ್ತದೆ. ಗಾಳಿ ಬೀಸುವ ದಿನ ಇದು ಸುತ್ತುಸುತ್ತಿಗೂ ಅನುಭವಕ್ಕೆ ಬರುತ್ತದೆ. ವಿಮಾನ ಗಾಳಿ ಬರುವ ದಿಕ್ಕಿನಲ್ಲಿದ್ದಾಗ ಗಾಳಿ ಅದನ್ನು ಹಾರಿಸುವವನ ಕಡೆಗೇ ತಳ್ಳುವುದರಿಂದ ದಾರ ಸಡಿಲವಾಗುತ್ತದೆ, ಗಾಳಿ ಹೋಗುವ ದಿಕ್ಕಿಗೆ ಬಂದಾಗ ಮತ್ತೆ ಬಿಗಿಯುತ್ತದೆ. ಬಲ್ಲವರು ಕಸರತ್ತುಗಳನ್ನು ಗಾಳಿ ಹೋಗುವ ಬದಿಯಲ್ಲೇ ಮಾಡುವುದೂ, ದಾರ ಜೋಲುತ್ತಿದ್ದಂತೆ ಯೋಚನೆಗೆ ಮೊದಲೇ ಹೆಜ್ಜೆ ಹಿಂದಿಡುವುದೂ ಇದಕ್ಕಾಗಿಯೇ. ಹೊರ ರೆಕ್ಕೆಯ ತುದಿಯಲ್ಲಿ ಇಡುವ ಚಿಕ್ಕ ತೂಕ, ಹೊರಕ್ಕೆ ಓರೆಯಾಗಿಸಿದ ಎಂಜಿನ್, ಹೊರಕ್ಕೆ ತಿರುಗಿಸಿದ ಬಾಲದ ಚುಕ್ಕಾಣಿ, ಭಾರಕೇಂದ್ರಕ್ಕಿಂತ ತುಸು ಹಿಂದಿನಿಂದ ಹೊರಬರುವ ದಾರಗಳು ಎಂಬ ವಿನ್ಯಾಸದ ಯುಕ್ತಿಗಳೆಲ್ಲ ಈ ಒಂದು ಎಳೆತವನ್ನು ಕಾಯಲೆಂದೇ ಹುಟ್ಟಿದವು.

ಬಹುತೇಕ ನೆನಪುಗಳ ಪರಾಕಾಷ್ಠೆಯಾದ ಆ ಪತನವನ್ನೂ ಈ ಬೆಳಕಿನಲ್ಲೇ ಓದಬೇಕು. ಧೈರ್ಯ ಬಂದ ಹುಡುಗನೊಬ್ಬ ವಿಮಾನವನ್ನು ನೇರ ತಲೆಯ ಮೇಲಿನಿಂದ ದಾಟಿಸಲು ಹೊರಟು ಅದನ್ನು ನೆಲಕ್ಕೆ ಬೀಳಿಸಿದ ಕಥೆಯನ್ನು ಸ್ಮೃತಿಕಾರರು ಬಾಲಿಶ ದುಡುಕಿನ ವಿನೋದವಾಗಿ ಹೇಳುತ್ತಾರೆ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಬೇರೆಯದೇ ಕಥೆ ಹೊರಡುತ್ತದೆ. ಗಂಟೆಗೆ 45 ಕಿಲೋಮೀಟರ್ ವೇಗದ ವಸ್ತುವೊಂದು ತನ್ನ ಓಟದ ಶಕ್ತಿಯಷ್ಟನ್ನೇ ನಂಬಿ ಮೇಲೇರಿದರೆ ಸುಮಾರು ಎಂಟು ಮೀಟರ್ ಎತ್ತರದಲ್ಲಿ ಅದರ ವೇಗ ಪೂರ್ತಿ ಬರಿದಾಗುತ್ತದೆ, ಮತ್ತು ದಾರದ ಉದ್ದವೂ ಎಂಟೇ ಮೀಟರ್. ನೆತ್ತಿಯ ಮೇಲೆ ಗುರುತ್ವ ವಿಮಾನವನ್ನು ಹಾರಿಸುವವನ ಕಡೆಗೇ ಎಳೆಯುವುದರಿಂದ, ವೇಗ ಒಂದಿಷ್ಟೂ ಕುಗ್ಗದಿದ್ದರೂ ಅಲ್ಲಿ ಎಳೆತ ಅರ್ಧಕ್ಕೆ ಇಳಿಯುತ್ತದೆ; ಸಾಕಷ್ಟು ಕುಗ್ಗಿದರಂತೂ ಏನೂ ಉಳಿಯುವುದಿಲ್ಲ. ಮುಕ್ಕಾಲು ಸಿಸಿ ದಾಟಿದ ಎಂಜಿನ್ ಆ ಕೊರತೆಯನ್ನು ತುಂಬಿಕೊಡುವ ಭಾರವನ್ನು ಒಬ್ಬಂಟಿಯಾಗಿ ಹೊರಬೇಕು, ಭಾರವಾದ ಪ್ಲಾಸ್ಟಿಕ್ ಒಡಲಿನಲ್ಲಿ ಆ ಕೆಲಸಕ್ಕೆ ಅದರ ಶಕ್ತಿ ಸಾಲದು. ಹುಡುಗ ದುಡುಕಿದ್ದಕ್ಕಿಂತ, ದಾರ ಮೆತ್ತಗಾಗುತ್ತ ಬಂದುದನ್ನು ಅವನ ಕೈ ಇನ್ನೂ ಓದಲು ಕಲಿತಿರಲಿಲ್ಲ ಎಂಬುದೇ ಆ ಪತನಕ್ಕೆ ಸರಿಯಾದ ವಿವರಣೆ. ಪತನವನ್ನು ವಿನೋದವಾಗಿಸಿದ ನೆನಪು ಅದರೊಳಗಿದ್ದ ಪಾಠವನ್ನು ಕಳೆದುಕೊಂಡಿತು.

ಈ ಅಭ್ಯಾಸವನ್ನು ಹೀಗಳೆಯುವವರ ವಾದವನ್ನು ಇಲ್ಲಿಯೇ ಎದುರಿಸಬೇಕಾಗಿದೆ. ರೇಡಿಯೊ ನಿಯಂತ್ರಣದ ಪಕ್ಷಪಾತಿಗಳ ಪ್ರಕಾರ ಕಂಟ್ರೋಲ್ ಲೈನ್ ಎಂಬುದು ರೇಡಿಯೊ ಉಪಕರಣ ದುಬಾರಿಯಾಗಿದ್ದ ಕಾಲದ ಬಡ ಬದಲಿ, ದಾರಕ್ಕೆ ಕಟ್ಟಿದ ವಿಮಾನ ಹಾರುವ ವಿಮಾನವೇ ಅಲ್ಲ, ಸೂತ್ರದ ಗೊಂಬೆ. ಈ ಹೋಲಿಕೆ ಗೊಂಬೆಗೂ ಅನ್ಯಾಯ, ವಿಮಾನಕ್ಕೂ ಅನ್ಯಾಯ. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟವನ್ನು ಕಂಡವರಿಗೆ ಗೊತ್ತಿರುವಂತೆ ಗೊಂಬೆಯ ಸೂತ್ರವನ್ನು ಬಿಗಿಯಾಗಿಡುವುದು ಗೊಂಬೆಯ ತೂಕ, ಮತ್ತು ಚಲನೆಯೆಲ್ಲ ಆಡಿಸುವವನ ಬೆರಳಿನದು. ಕಂಟ್ರೋಲ್ ಲೈನ್ ವಿಮಾನ ತನ್ನ ಸೂತ್ರವನ್ನು ತಾನೇ ಬಿಗಿದುಕೊಳ್ಳುತ್ತದೆ, ಚಲನೆಯನ್ನೂ ತಾನೇ ತರುತ್ತದೆ, ಆಡಿಸುವವನನ್ನೇ ತನ್ನೊಡನೆ ಸುತ್ತಿಸುತ್ತದೆ. ಇದಕ್ಕೆ ಹತ್ತಿರದ ಬಂಧು ಗಾಳಿಪಟ. ಅಲ್ಲಿಯೂ ಸುದ್ದಿ ಬೆರಳಿಗೆ ಬರುವುದು ದಾರದ ಜಗ್ಗಿನಿಂದಲೇ. ರೇಡಿಯೊ ಪೆಟ್ಟಿಗೆಯ ಕಡ್ಡಿ ವಿಮಾನಕ್ಕೆ ಮಾತನ್ನು ಒಯ್ಯುತ್ತದೆ, ವಿಮಾನದ ಉತ್ತರವನ್ನು ಕೈಗೆ ತರುವುದಿಲ್ಲ. ಉತ್ತರವನ್ನು ಕಣ್ಣಿನಿಂದ ಊಹಿಸಿಕೊಳ್ಳಬೇಕು. ಆಕಾಶದ ವಿಸ್ತಾರವನ್ನು ರೇಡಿಯೊ ಕೊಟ್ಟಿತು ನಿಜ, ಆದರೆ ಅದು ಕಸಿದುಕೊಂಡ ಸ್ಪರ್ಶದ ಲೆಕ್ಕವನ್ನು ಅದರ ಪಕ್ಷಪಾತಿಗಳು ಎಂದೂ ಬರೆದಿಟ್ಟಿಲ್ಲ. ಇನ್ನು ಇದು ಬರೀ ಆಟಿಕೆ ಎಂಬ ಆಕ್ಷೇಪಕ್ಕೆ ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟದ ಸ್ಪರ್ಧಾ ವಿಭಾಗಗಳೇ ಉತ್ತರ ಹೇಳುತ್ತವೆ: ಎಫ್2ಸಿ ಎಂಬ ತಂಡ ಓಟದಲ್ಲಿ ಮೂವರು ಹಾರಿಸುವವರು ಒಂದೇ ವೃತ್ತದ ನಡುವೆ ಹೆಗಲಿಗೆ ಹೆಗಲು ತಾಗಿಸಿ ನಿಂತು 15.92 ಮೀಟರ್ ದಾರದಲ್ಲಿ ವಿಮಾನ ಓಡಿಸುತ್ತಾರೆ. ಆ ಅಳತೆಯನ್ನು ಆರಿಸಿದ್ದು ಒಂದು ಸುತ್ತು ಸರಿಯಾಗಿ 100 ಮೀಟರ್ ಆಗಿ, ನೂರು ಸುತ್ತಿಗೆ ಹತ್ತು ಕಿಲೋಮೀಟರ್ ತುಂಬಲೆಂದು. ಭಾರತದಲ್ಲಿಯೂ ಎನ್‌ಸಿಸಿಯ ವಾಯು ವಿಭಾಗದ ಕೆಡೆಟ್‌ಗಳು ಏರೋಮಾಡೆಲಿಂಗ್ ಸ್ಪರ್ಧೆಗಳಲ್ಲಿ ಕಂಟ್ರೋಲ್ ಲೈನ್ ಹಾರಿಸುತ್ತ ಬಂದಿದ್ದಾರೆ. ಹಾರಾಟದ ಮೊದಲ ಅಕ್ಷರಗಳನ್ನು ಕೈಗೆ ಕಲಿಸಲು ಅದು ಇಂದಿಗೂ ತಕ್ಕ ಸಾಧನವೆಂಬುದಕ್ಕೆ ಇದು ಸಾಕ್ಷಿ.

ಚರಿತ್ರಕಾರರ ಜಗಳ ಇನ್ನೊಂದು ಬಗೆಯದು. ಓರೆಗಾನ್‌ನ ಪೋರ್ಟ್‌ಲ್ಯಾಂಡಿನ ಜಿಮ್ ವಾಕರ್ 1940ರ ಸುಮಾರಿಗೆ ಫೈರ್‌ಬಾಲ್ ಎಂಬ ವಿಮಾನದೊಡನೆ ಈ ವಿಧಾನವನ್ನು ಯು-ಕಂಟ್ರೋಲ್ ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿ 1942ರಲ್ಲಿ ಪೇಟೆಂಟ್ ಪಡೆದರು. 1950ರ ದಶಕದಲ್ಲಿ ಅವರು ಕಾಕ್ಸ್ ವಿರುದ್ಧ ಹೂಡಿದ ದಾವೆಯಲ್ಲಿ, ಅದೇ ರಾಜ್ಯದ ಓಬಾ ಸೇಂಟ್ ಕ್ಲೇರ್ 1930ರ ದಶಕದಲ್ಲೇ ಬೆಲ್‌ಕ್ರ್ಯಾಂಕ್ ಬಳಸಿ ಹಾರಿಸಿದ್ದರೆಂಬುದು ಹೊರಬಂದು ಆ ಪೇಟೆಂಟ್ ಬಿದ್ದುಹೋಯಿತು. ಅಂದಿನಿಂದ ವಾಕರ್ ಪಕ್ಷ, ಸೇಂಟ್ ಕ್ಲೇರ್ ಪಕ್ಷ ಎಂದು ಚರಿತ್ರೆ ಇಬ್ಭಾಗವಾಗಿದೆ. ಟೆಕ್ಸಾಸ್‌ನ ಶುಲೆನ್‌ಬರ್ಗಿನ ವಿಕ್ಟರ್ ಸ್ಟಾನ್ಜೆಲ್ ಅವರನ್ನು ಮುಂದಿಡುವವರದು ಮೂರನೆಯ ಪಕ್ಷ. ಮೊದಲಿಗರು ಯಾರೆಂಬ ಈ ಕಚ್ಚಾಟದಲ್ಲಿ ಮೂವರೂ ಎಳೆತವನ್ನು ಏನೆಂದು ತಿಳಿದಿದ್ದರು ಎಂಬ ಬೆಲೆಯುಳ್ಳ ಪ್ರಶ್ನೆ ಹೂತುಹೋಗಿದೆ. ಸೇಂಟ್ ಕ್ಲೇರ್ ಮತ್ತು ವಾಕರ್ ಅವರ ಎರಡು ದಾರಗಳಲ್ಲಿ, ವಿಮಾನವನ್ನು ವೃತ್ತದಲ್ಲಿ ಹಿಡಿದಿಡುವ ಎಳೆತ ಮತ್ತು ಅಪ್ಪಣೆ ಒಯ್ಯುವ ಎಳೆತ ಎರಡೂ ಒಂದೇ. ಸ್ಟಾನ್ಜೆಲ್ ಮುಂದೆ ರೂಪಿಸಿದ ಮೊನೊ-ಲೈನ್ ವಿಧಾನದಲ್ಲಿ ಒಂದೇ ಉಕ್ಕಿನ ತಂತಿಯಿದ್ದು, ಅಪ್ಪಣೆ ಹೋಗುವುದು ಆ ತಂತಿಯನ್ನು ತಿರುಚುವುದರಿಂದ. ಗಾಳಿಯನ್ನು ಸೀಳುವ ತಂತಿ ಒಂದೇ ಆದ್ದರಿಂದ ವೇಗದ ಸ್ಪರ್ಧೆಗೆ ಅದು ಅನುಕೂಲವಾಯಿತು. ಆದರೆ ಹಿಡಿತವೂ ಅಪ್ಪಣೆಯೂ ಅಲ್ಲಿ ಬೇರೆಬೇರೆಯಾದವು. ಮಗುವಿನ ಮುಷ್ಟಿಗೆ ಒಗ್ಗಿದ್ದು ಇವೆರಡನ್ನೂ ಒಂದಾಗಿಸಿದ ವಿಧಾನವೇ, ಏಕೆಂದರೆ ಅಲ್ಲಿ ಕಲಿಯಬೇಕಾದ ಭಾಷೆ ಒಂದೇ ಆಗಿತ್ತು.

ಕುಂದುಗಳನ್ನೂ ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗದು. ಸದ್ದು ನೆರೆಹೊರೆಗೆ ನಿಜವಾಗಿಯೂ ಹಿಂಸೆ. ವಿದ್ಯುತ್ ತಂತಿಗಳ ಹತ್ತಿರ ಈ ವಿಮಾನವನ್ನು ಹಾರಿಸುವುದು ಪ್ರಾಣಾಪಾಯ. ಮತ್ತು ಮೊದಲ ವಿಮಾನವೆಂದು ಮಾರಲಾದ ಪ್ಲಾಸ್ಟಿಕ್ ಮಾದರಿಗಳಲ್ಲಿ ಎಂಜಿನ್ನಿನ ಶಕ್ತಿಗೆ ಹೋಲಿಸಿದರೆ ತೂಕ ಹೆಚ್ಚಾಗಿ ಎಳೆತ ಕಡಿಮೆ ವಿಶ್ವಾಸಾರ್ಹವಾಗಿದ್ದುದರಿಂದ, ಕಲಿಯುವವನಿಗೆ ಅತಿ ಅಗತ್ಯವಾದುದನ್ನೇ ಅವು ಜಿಪುಣತನದಿಂದ ಕೊಟ್ಟವು. ಬಾಲ್ಸಾ ಕಟ್ಟಿಗೆಯಲ್ಲಿ ಕಟ್ಟಿ ಹಾರಿಸಿದವರು ಪ್ಲಾಸ್ಟಿಕ್ಕಿನ ಮೇಲೆ ಹೊರಿಸುವ ದೂರಿನಲ್ಲಿ ಇಷ್ಟು ಸತ್ಯವಿದೆ. ಜಾರ್ಜ್ ಆಲ್ಡ್ರಿಚ್ ವಿನ್ಯಾಸಗೊಳಿಸಿದ ನೋಬ್ಲರ್‌ನಂಥ ಕಸರತ್ತಿನ ವಿಮಾನ ನೆತ್ತಿಯ ಮೇಲೂ ದಾರವನ್ನು ಬಿಗಿಯಾಗಿಡುವಾಗ, ಈ ಅಭ್ಯಾಸ ಎಷ್ಟು ದೂರ ಹೋಗಬಲ್ಲದೆಂಬುದು ಕಾಣುತ್ತದೆ.

ಆದರೂ ಆ ಪ್ಲಾಸ್ಟಿಕ್ ಆಟಿಕೆಯೊಳಗೂ ಒಂದು ಶಿಸ್ತು ಇತ್ತು, ಅದನ್ನು ಯಾವ ನೆನಪೂ ಸರಿಯಾಗಿ ಎತ್ತಿ ಹೇಳಿಲ್ಲ. ಆ ಎಂಜಿನ್ನಿಗೆ ವೇಗ ತಗ್ಗಿಸುವ ಸಾಧನವಿರಲಿಲ್ಲ, ನಿಲ್ಲಿಸುವ ಗುಂಡಿಯೂ ಇರಲಿಲ್ಲ. ವಿಮಾನ ಒಮ್ಮೆ ನೆಲ ಬಿಟ್ಟರೆ ತೊಟ್ಟಿಯ ಇಂಧನ ತೀರುವವರೆಗೆ ಹಾರಿಸುವವನಿಗೆ ಬಿಡುಗಡೆಯಿಲ್ಲ. ತಲೆ ತಿರುಗಿದರೂ, ಒಳಗಿವಿಯ ದ್ರವ ಸುತ್ತಿನೊಡನೆ ಸುತ್ತಿ ನೆಲವೇ ಜಾರಿದಂತಾದರೂ, ಕಣ್ಣನ್ನು ವಿಮಾನದ ಮೇಲೆಯೇ ನೆಟ್ಟು ಮಣಿಕಟ್ಟನ್ನು ಹದದಲ್ಲಿಟ್ಟುಕೊಂಡು ನಿಲ್ಲಬೇಕು. ಕೊನೆಗೆ ಎಂಜಿನ್ ಉಸಿರು ನಿಲ್ಲಿಸುತ್ತದೆ, ಸದ್ದು ಅಡಗುತ್ತದೆ, ಎಲ್ಲ ನೆನಪುಗಳೂ ಕೊಂಡಾಡುವ ವಸ್ತು ಅಲ್ಲಿಗೆ ಮುಗಿಯುತ್ತದೆ. ಹಾರಾಟ ಮಾತ್ರ ಮುಗಿದಿರುವುದಿಲ್ಲ. ಸೊರಗುತ್ತಿರುವ ಎಳೆತವನ್ನು ಕಾಯಲು ಹುಡುಗ ಕೈಯನ್ನು ವಿಮಾನಕ್ಕಿಂತ ತುಸು ಮುಂದೆ ಸಾಗಿಸುತ್ತ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತ, ಅದು ಹುಲ್ಲಿಗೆ ತಾಗುವವರೆಗೂ ದಾರವನ್ನು ಬಿಗಿಯಾಗಿಡುತ್ತಾನೆ. ಎಂಜಿನ್ನಿಲ್ಲದ ಆ ಕೆಲವು ಸೆಕೆಂಡುಗಳಲ್ಲಿ ವಿಮಾನವನ್ನು ಆಕಾಶದಲ್ಲಿ ಹಿಡಿದಿಟ್ಟದ್ದು ಹುಡುಗನ ಕೈ ಕಲಿತ ವಿದ್ಯೆಯೊಂದೇ, ಮತ್ತು ಈ ಅಭ್ಯಾಸದ ಬೆಲೆ ಕಟ್ಟಬೇಕಾದದ್ದು ಆ ಸೆಕೆಂಡುಗಳಿಂದ.