ಪೋರುಮಾಮಿಳ್ಳ ಶಾಸನವೂ ಸೀಮಾದೋಷವೂ

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ದೊರೆತ, ಶಕ 1291, ಎಂದರೆ ಕ್ರಿ. ಶ. 1369ರ ಸಂಸ್ಕೃತ ಶಾಸನವು, ವಿಜಯನಗರದ ಒಂದನೆಯ ಬುಕ್ಕರಾಯನ ಮಗನೂ ಉದಯಗಿರಿಯ ಅಧಿಪತಿಯೂ ಆಗಿದ್ದ ಭಾಸ್ಕರನು ಕಟ್ಟಿಸಿದ ಕೆರೆಯನ್ನು ವರ್ಣಿಸುವುದು. ವಿ. ಎಸ್. ಸುಕ್ತಂಕರರು ಇದನ್ನು ಎಪಿಗ್ರಾಫಿಯಾ ಇಂಡಿಕಾದ 14ನೆಯ ಸಂಪುಟದಲ್ಲಿ ಸಂಪಾದಿಸಿರುವರು. ಅಂದಿನಿಂದ ಇದನ್ನು ಕುರಿತು ಬರೆದವರು ಅದರಲ್ಲಿ ಎಣಿಸಿರುವ ಕೆರೆಯ ಹನ್ನೆರಡು ಅಂಗಗಳನ್ನೂ, ದಿನಕ್ಕೆ ಸಾವಿರ ಆಳು, ನೂರು ಬಂಡಿಗಳಂತೆ ಎರಡು ವರ್ಷ ನಡೆದ ಕೆಲಸವನ್ನೂ ಕೊಂಡಾಡುತ್ತ ಬಂದಿರುವರು. ಕೊಂಡಾಟವು ಅನುಚಿತವಲ್ಲ; ಆದರೆ ಅಂಗಗಳ ಹಿಂದೆಯೇ ಬರುವ ಆರು ದೋಷಗಳ ಮೇಲೆ ಅಷ್ಟು ದೃಷ್ಟಿ ಬಿದ್ದಿಲ್ಲ.

ಆ ದೋಷಗಳಾವುವೆಂದರೆ, ಕಟ್ಟೆಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು, ಅಂಗಳದ ನಡುವೆ ದಿಬ್ಬ, ನೀರು ಕಿರಿದಾಗಿ ನೆಲ ಹಿರಿದಾಗುವುದು, ನೆಲ ಕಿರಿದಾಗಿ ನೀರು ಹಿರಿದಾಗುವುದು. ಕವಿಯು ಆಲಂಕಾರಿಕರು ಕಾವ್ಯಕ್ಕೆ ಮಾಡುವಂತೆ ಕೆರೆಗೂ ಗುಣದೋಷನಿರೂಪಣವನ್ನು ಮಾಡಿರುವನು. ಐದು ದೋಷಗಳು ಮಣ್ಣಿಗೂ ನೀರಿಗೂ ಸಂಬಂಧಿಸಿದುವು. ಮೂರನೆಯದೊಂದು ಮಾತ್ರ ಮನುಷ್ಯಕೃತ. ಜಲಶಾಸ್ತ್ರದ ಪಟ್ಟಿಯೊಳಗೆ ರಾಜನೀತಿಯು ಹೀಗೆ ಹೊಕ್ಕಿರುವುದು ಕವಿಯ ಪ್ರಮಾದವಲ್ಲ, ಅವನ ಲೋಕಜ್ಞತೆ.

ಆನಂದವರ್ಧನನು ಶ್ರುತಿದುಷ್ಟಾದಿಗಳನ್ನು ಅನಿತ್ಯದೋಷಗಳೆಂದು ಗಣಿಸಿರುವುದು ಸರ್ವವಿದಿತ. ಶೃಂಗಾರದಲ್ಲಿ ವರ್ಜ್ಯವಾದುದು ರೌದ್ರದಲ್ಲಿ ದೋಷವೆನಿಸದು. ಸೀಮಾದೋಷವೂ ಈ ಜಾತಿಯದೇ. ಚೌಳು ನೆಲವು ಯಾರ ಆಳ್ವಿಕೆಯಲ್ಲಿಯೂ ಚೌಳೇ. ಎಲ್ಲೆಯಾದರೋ ಇಬ್ಬರೊಡೆಯರು ಒಡಂಬಟ್ಟ ದಿನ ದೋಷವಾಗಿ ಉಳಿಯದು. ಶಾಸನವು ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಈ ಭೇದವನ್ನು ಮರೆಸಿರುವುದು ಅದರ ನ್ಯೂನತೆ.

ಇದಕ್ಕೆ ನಿದರ್ಶನವು ವಿಜಯನಗರದ ಸಮೀಪದಲ್ಲಿಯೇ ಉಂಟು. ತುಂಗಭದ್ರೆಯ ಅಣೆಕಟ್ಟು ಮದರಾಸು, ಹೈದರಾಬಾದು ಎಂಬ ಎರಡು ಸರ್ಕಾರಗಳ ಎಲ್ಲೆಯ ಮೇಲೆಯೇ ಎದ್ದುದು. ದೀರ್ಘಕಾಲದ ವಾದವು ಮುಗಿದು 1944ರಲ್ಲಿ ಒಪ್ಪಂದವಾಗಿ, 1945ರಲ್ಲಿ ಕೆಲಸ ಮೊದಲಾಯಿತು. 1953ರಲ್ಲಿ ತುಂಗಭದ್ರಾ ಮಂಡಳಿಯು ಏರ್ಪಟ್ಟಿತು. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಕರ್ನಾಟಕ, ಆಂಧ್ರ, ತೆಲಂಗಾಣಗಳ ರೈತರು ಒಂದೇ ಭಯಕ್ಕೆ ಒಳಗಾದರು.

ಇಂದು ಈ ದೋಷವು ರಾಜ್ಯಗಳ ನಡುವಿನಿಂದ ಒಂದೇ ರಾಜ್ಯದ ಒಳಕ್ಕೆ ಸರಿದಿದೆ. ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ಕಡಮೆ ಅಚ್ಚುಕಟ್ಟಿನ ಕೆರೆ ಪಂಚಾಯಿತಿಯದು, ಅದಕ್ಕೆ ಮೀರಿ 2000 ಹೆಕ್ಟೇರುವರೆಗಿನದು ಸಣ್ಣ ನೀರಾವರಿ ಇಲಾಖೆಯದು. ನೀರು ಹರಿದುಬರುವ ಕಾಡು ಅರಣ್ಯ ಇಲಾಖೆಯದು. ಬರಗಾಲವನ್ನು ಮುಂಗಾಣುವುದಕ್ಕಾಗಿ 1988ರಲ್ಲಿಯೇ ಬೆಂಗಳೂರಿನಲ್ಲಿ ಒಂದು ಘಟಕವು ಸ್ಥಾಪಿತವಾಯಿತು. ಆದರೆ ಮಳೆಯನ್ನು ಬಲ್ಲ ಕಚೇರಿಯ ಕೈಯಲ್ಲಿ ತೂಬಿಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2011ರಲ್ಲಿ ಆರಂಭಿಸಿದ ಯೋಜನೆಯಲ್ಲಿ, ಆಯ್ದ ಹಳ್ಳಿಗಳಲ್ಲಿ ಹವಾಮಾನದ ಅಪಾಯವನ್ನು ನಿರ್ವಹಿಸುವ ಸಮಿತಿಗಳನ್ನು ಏರ್ಪಡಿಸಿರುವರು. ಇದು ಶ್ಲಾಘ್ಯವೇ, ಆದರೂ ಸಮಿತಿಯು ಹಳ್ಳಿಯ ಗಡಿಗೆ ನಿಲ್ಲುವುದು, ಕೋಡಿಯಿಂದ ಕೋಡಿಗೆ ಇಳಿಯುವ ಕೆರೆಗಳ ಸಾಲು ನಿಲ್ಲದು. ಶಾಸನದ ಕಡೆಯ ಎರಡು ದೋಷಗಳು ಕವಿಯ ಮಾತಿನಂತೆ ಬೇರೆ ಬೇರೆ ಕೆರೆಗಳವು. ಮಳೆಯ ಕ್ರಮ ಕೆಟ್ಟ ಈ ಕಾಲದಲ್ಲಿ ಒಂದೇ ಕೆರೆಯು ಆಷಾಢದಲ್ಲಿ ಬತ್ತಿ ಆಶ್ವಯುಜದಲ್ಲಿ ಒಡೆಯುವುದುಂಟು. ಆಗ ಮೇಲಣ ಊರೂ ಕೆಳಗಣ ಊರೂ ಕೂಡಿ ನಿರ್ಣಯಿಸದೆ ಗತಿಯಿಲ್ಲ.

ಶಾಸನದಲ್ಲಿ ಇನ್ನೊಂದು ಕೊರತೆಯೂ ಉಂಟು. ಧರ್ಮಪರನಾದ ಅರಸು, ಜಲಶಾಸ್ತ್ರಜ್ಞನಾದ ಬ್ರಾಹ್ಮಣ, ಕಟ್ಟುವ ಕುಶಲಿಗಳು, ಇವರೆಲ್ಲ ಅಂಗಗಳು. ಹೂಳು ತೆಗೆಯುವವನೂ ಉಳುವವನೂ ಅಂಗಗಳಲ್ಲ. ತುಂಗಭದ್ರೆಯ ಜಲಾಶಯವು 133 ಟಿ. ಎಂ. ಸಿ.ಯಿಂದ ಸುಮಾರು 105ಕ್ಕೆ ಇಳಿದಿರುವುದು ಹೂಳಿನಿಂದಲೇ. ಕನ್ನಡದ ಕೆರೆ ಶಾಸನಗಳು ಈ ವಿಷಯದಲ್ಲಿ ಹೆಚ್ಚು ವಿವೇಕವುಳ್ಳವು: ಭೂಮಿಯನ್ನೋ ಬೆಳೆಯ ಭಾಗವನ್ನೋ ಕೆರೆಯ ರಕ್ಷಣೆಗೆ ಬಿಡುವ ಬಿತ್ತುವಟ್ಟವನ್ನು ಅವು ಹೇಳುವುವು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಆರಂಭವಾದ ಸಮುದಾಯಾಧಾರಿತ ಕೆರೆ ನಿರ್ವಹಣೆಯು ಊರವರ ಸಂಘಗಳಿಗೆ ಕೆರೆಯನ್ನು ಒಪ್ಪಿಸಲು ಯತ್ನಿಸಿದುದು ಇದೇ ಜಾಡಿನಲ್ಲಿ. ಭೇದವಿಷ್ಟೇ, ಯೋಜನೆಗೆ ಅವಧಿಯುಂಟು, ದತ್ತಿಯ ಬರಹವು ಆಚಂದ್ರಾರ್ಕ. ಪೋರುಮಾಮಿಳ್ಳದ ಶ್ಲೋಕಗಳನ್ನು ತರಗತಿಯಲ್ಲಿ ಬೋಧಿಸುವವರು ಪಕ್ಕದಲ್ಲಿ ಬಿತ್ತುವಟ್ಟದ ಒಂದೆರಡು ಶಾಸನಗಳನ್ನೂ ಇರಿಸಿಕೊಳ್ಳುವುದು ಉಚಿತ.